ಸಾಮಾನ್ಯ ವಿಶ್ವಾಸಿಯೂ ಕ್ರಿಸ್ತನ ಸಾರೂಪ್ಯವೂ

ನಮ್ಮ ಶಾಲೆಯನ್ನು ಬಿಟ್ಟು ಅನೇಕ ವರುಷಗಳಾದ ಒಬ್ಬ ಹಳೆಯ ವಿದ್ಯಾರ್ಥಿನಿಯು ಕೆಲವು ಕಾಲದ ಹಿಂದೆ ನನಗೊಂದು ಕಾಗದವನ್ನು ಬರೆದಳು. ಆಕೆಯ ಹೆಸರನ್ನಾಗಲಿ ಊರನ್ನಾಗಲಿ ಇಲ್ಲಿ ಹೇಳುವದಿಲ್ಲ. ಆದರೆ ಕಾಗದದ ಸಾರವನ್ನು ಈ ಸ್ಮರಣ ಸಂಚಿಕೆಯಲ್ಲಿ ಉಪಯೋಗಿಸುವದಕ್ಕೆ ಆಕೆಯ ಅಪ್ಪಣೆಯನ್ನು ಪಡೆದಿರುತ್ತೇನೆ.

ಆಕೆ ಬರೆದದ್ದೇನಂದರೆ: ಒಂದು ಆದಿತ್ಯವಾರ ದೇವಾಲಯಕ್ಕೆ ಹೋಗಿ ಕರ್ತನ ಭೋಜನದಲ್ಲಿ ಪಾಲು ತೆಗೆದುಕೊಂಡು ಬಹು ಸಮಾಧಾನದಿಂದ ಮನೆಗೆ ಬಂದಳು. ಮರುದಿನ ಬೆಳಿಗ್ಗೆ ಪಾತ್ರೆ ತೊಳೆಯುವ ಹೆಂಗಸು ಒಂದು ತಾಸು ತಡವಾಗಿ ಬಂದಳು. ಅಷ್ಟರಲ್ಲಿ ಒಲೆಯ ಮೇಲಿನ ಹಾಲು ಉಕ್ಕಿ ಹೋಗಿತ್ತು, ಗಂಡನ ಬಸ್ಸಿನ ಹೊತ್ತು ಮೀರುತ್ತಿತ್ತು, ಮಕ್ಕಳಲ್ಲಿ ಒಬ್ಬನಿಗೆ ಸಮವಸ್ತ್ರ ಸಿಕ್ಕಿರಲಿಲ್ಲ. ಆ ಗಳಿಗೆಯಲ್ಲಿ ಆಕೆಯ ಬಾಯಿಂದ ಬಂದ ಮಾತುಗಳು ಯಾರಿಗೂ ಆಡತಕ್ಕವುಗಳಲ್ಲ. ಕೆಲಸದವಳು ಏನೂ ಉತ್ತರ ಕೊಡದೆ, ಅರ್ಧ ತಿಕ್ಕಿದ ಪಾತ್ರೆಯನ್ನು ಕೆಳಗಿಟ್ಟು, ಕೈಯ ಸಾಬೂನಿನ ನೊರೆಯನ್ನು ಸೆರಗಿಗೆ ಒರಸಿಕೊಂಡು ಹೊರಟುಹೋದಳು. ತಿರಿಗಿ ಬರಲಿಲ್ಲ, ಆ ತಿಂಗಳ ಸಂಬಳವನ್ನು ಕೇಳುವದಕ್ಕೂ ಬರಲಿಲ್ಲ.

“ಟೀಚರಮ್ಮಾ, ನಾನು ಸತ್ಯವೇದ ಪರೀಕ್ಷೆಯಲ್ಲಿ ಬಹುಮಾನ ಪಡೆದವಳು. ಪರ್ವತ ಪ್ರಸಂಗವನ್ನು ಬಾಯಿಪಾಠವಾಗಿ ಒಪ್ಪಿಸಿದವಳು. ಕರ್ತನ ಮೇಜಿನಿಂದ ಎದ್ದು ಒಂದು ದಿನವೂ ತುಂಬಲಿಲ್ಲ. ಕ್ರಿಸ್ತನಂತೆ ಬಾಳುವದು ನಮ್ಮಂಥ ಸಾಮಾನ್ಯರಿಗೆ ಆಗುವ ಕೆಲಸವೋ? ಅದು ಪಾದ್ರಿಗಳಿಗೂ ಸಿಸ್ಟರುಗಳಿಗೂ ಬಿಟ್ಟ ಮಾತಲ್ಲವೋ?” ಎಂದು ಆಕೆ ಕೇಳಿದ್ದಳು.

ಈ ಪ್ರಶ್ನೆಗೆ ಉತ್ತರ ಬರೆಯುವದಕ್ಕೆ ನನಗೆ ಮೂರು ವಾರ ಹಿಡಿಯಿತು. ಅದರ ಕಾರಣವನ್ನು ಕಡೆಯಲ್ಲಿ ಹೇಳುತ್ತೇನೆ. ಆ ಉತ್ತರವನ್ನೇ ಸ್ವಲ್ಪ ವಿಸ್ತರಿಸಿ, ಆಕೆಯಂಥ ಇತರ ಸಹೋದರಿಯರಿಗೂ ಅವರ ತಾಯಿತಂದೆಗಳಿಗೂ ಪ್ರಯೋಜನವಾದೀತೆಂದು ಇಲ್ಲಿ ಬರೆಯುತ್ತೇನೆ.

ಕ್ರಿಸ್ತನ ಸಾರೂಪ್ಯವೆಂದು ಕೇಳಿದ ಕೂಡಲೆ ನಮ್ಮ ಮನಸ್ಸು ದೊಡ್ಡ ದೊಡ್ಡ ಕೃತ್ಯಗಳ ಕಡೆಗೆ ಓಡುತ್ತದೆ. ಕುಷ್ಠರೋಗಿಗಳ ಮಧ್ಯದಲ್ಲಿ ಬಾಳಿದವರು, ದೂರದೇಶಗಳಲ್ಲಿ ರಕ್ತಸಾಕ್ಷಿಗಳಾಗಿ ಸತ್ತವರು, ಆಸ್ತಿಯನ್ನೆಲ್ಲಾ ಬಡವರಿಗೆ ಹಂಚಿದವರು ನಮ್ಮ ಕಣ್ಣಿಗೆ ಕಟ್ಟುತ್ತಾರೆ. ಅವರಿಗೆ ಸಲ್ಲತಕ್ಕ ಮಾನವು ಸಲ್ಲಲಿ. ಆದರೆ ಅಪೊಸ್ತಲನಾದ ಪೌಲನು ಕ್ರಿಸ್ತನ ಮನಸ್ಸು ನಿಮ್ಮಲ್ಲಿಯೂ ಇರಲಿ ಎಂದು ಯಾರಿಗೆ ಬರೆದನು, ಯಾವ ಸಂದರ್ಭದಲ್ಲಿ ಬರೆದನು ಎಂಬದನ್ನು ನೋಡಿರಿ. ಫಿಲಿಪ್ಪಿಯವರಿಗೆ ಬರೆದ ಪತ್ರಿಕೆಯ ಎರಡನೆಯ ಅಧ್ಯಾಯದಲ್ಲಿ ಕರ್ತನು ತನ್ನನ್ನು ಬರಿದುಮಾಡಿಕೊಂಡು ದಾಸನ ರೂಪವನ್ನು ಧರಿಸಿದ ವಿಷಯವು ಬರುತ್ತದೆ. ಇದಕ್ಕಿಂತ ಉನ್ನತವಾದ ಮಾತುಗಳು ಪೌಲನ ಪತ್ರಿಕೆಗಳಲ್ಲಿ ಬಹಳ ಇಲ್ಲ. ಅದೇ ಪತ್ರಿಕೆಯ ನಾಲ್ಕನೆಯ ಅಧ್ಯಾಯದ ಆರಂಭದಲ್ಲಿ ಯುವೊದ್ಯ, ಸಂತುಕೆ ಎಂಬ ಇಬ್ಬರು ಸ್ತ್ರೀಯರಿಗೆ ಒಂದೇ ಮನಸ್ಸುಳ್ಳವರಾಗಿರಿ ಎಂದು ಅವನು ಹೆಸರು ಹಿಡಿದು ಬೇಡಿಕೊಳ್ಳುತ್ತಾನೆ. ಇಬ್ಬರೂ ಸುವಾರ್ತೆಗಾಗಿ ಅವನೊಡನೆ ದುಡಿದವರು. ಇಬ್ಬರೂ ಒಂದೇ ಸಭೆಯವರು. ಆದರೂ ಮಾತು ಬಿಟ್ಟಿದ್ದರೆಂದು ತೋರುತ್ತದೆ.

ಅವರ ಜಗಳವು ಯಾವದೆಂದು ಪೌಲನು ಬರೆಯಲಿಲ್ಲ. ಬರೆಯದೆ ಇದ್ದದ್ದೇ ಒಳ್ಳೆಯದಾಯಿತೆಂದು ನಾನು ನೆನಸುತ್ತೇನೆ. ಯಾಕಂದರೆ ನಾವು ನಮ್ಮ ನಮ್ಮ ಜಗಳವನ್ನು ಅಲ್ಲಿ ಇಟ್ಟುಕೊಂಡು ಓದಬಹುದು. ನಮಗೆ ಬೇಕಾದ ವಿಷಯವು ಇಷ್ಟೇ: ಸೆರೆಯಲ್ಲಿದ್ದ ಒಬ್ಬ ಅಪೊಸ್ತಲನು ದೇವಕುಮಾರನ ದೀನತೆಯನ್ನು ಕುರಿತು ಇಷ್ಟು ಎತ್ತರಕ್ಕೆ ಏರಿ ಬರೆದದ್ದು ಪಂಡಿತರ ಚರ್ಚೆಗಾಗಿ ಅಲ್ಲ. ನದೀತೀರದಲ್ಲಿ ಪ್ರಾರ್ಥನೆಗೆ ಕೂಡಿದ ಕೆಲವು ಹೆಂಗಸರಿಂದಲೂ, ಧೂಮ್ರವರ್ಣದ ವಸ್ತ್ರಗಳನ್ನು ಮಾರುತ್ತಿದ್ದ ಲುದ್ಯಳ ಮನೆಯಿಂದಲೂ ಆರಂಭವಾದ ಒಂದು ಚಿಕ್ಕ ಸಭೆಯಲ್ಲಿ ಒಬ್ಬರ ಮೇಲೊಬ್ಬರು ಹೆಚ್ಚಿಸಿಕೊಳ್ಳದೆ ಬಾಳಬೇಕೆಂಬದೇ ಅದರ ಉದ್ದೇಶ. ಕ್ರಿಸ್ತನ ಮನಸ್ಸು ಮೊದಲು ಬೇಕಾಗುವದು ನೆರೆಹೊರೆಯಲ್ಲಿ.

ಯೇಸು ಸ್ವಾಮಿಯ ಜೀವಮಾನವನ್ನು ಲೆಕ್ಕಹಾಕಿ ನೋಡಿದರೂ ಇದೇ ತೋರುತ್ತದೆ. ಆತನು ಬಹಿರಂಗವಾಗಿ ಬೋಧಿಸಲಾರಂಭಿಸಿದಾಗ ಸುಮಾರು ಮೂವತ್ತು ವರುಷದವನಾಗಿದ್ದನೆಂದು ಲೂಕನು ಹೇಳುತ್ತಾನೆ. ಬೋಧನೆಯ ಕಾಲವೋ ಸುಮಾರು ಮೂರು ವರುಷವೆಂದು ಸಾಮಾನ್ಯವಾಗಿ ಎಣಿಸುತ್ತಾರೆ. ಹಾಗಾದರೆ ಆತನ ಆಯುಷ್ಯದಲ್ಲಿ ಹತ್ತರಲ್ಲಿ ಒಂಭತ್ತು ಪಾಲು ನಜರೇತೆಂಬ ಒಂದು ಚಿಕ್ಕ ಊರಿನಲ್ಲಿ, ತಾಯಿಯ ಮನೆಯಲ್ಲಿ, ಬಡಗಿಯ ಕೆಲಸದಲ್ಲಿ ಕಳೆಯಿತು. ಆ ವರುಷಗಳನ್ನು ಕುರಿತು ಸುವಾರ್ತೆಗಳಲ್ಲಿ ಕೆಲವೇ ವಾಕ್ಯಗಳಿವೆ. ನೆರೆಯವರಿಗೆ ಆತನಲ್ಲಿ ವಿಶೇಷವೇನೂ ಕಾಣಲಿಲ್ಲವಾದ್ದರಿಂದಲೇ, ಮುಂದೆ ಆತನು ಸಭಾಮಂದಿರದಲ್ಲಿ ಬೋಧಿಸಿದಾಗ, ಇವನು ಆ ಬಡಗಿಯಲ್ಲವೇ ಎಂದು ಅವರು ಬೆರಗಾಗಿ ಬೇಸರಪಟ್ಟರು. ಸಾಮಾನ್ಯವಾದ ಬಾಳು ದೇವಕುಮಾರನಿಗೆ ಅಯೋಗ್ಯವಾಗಿ ತೋರಲಿಲ್ಲ.

ಇನ್ನೊಂದು ಸಂಗತಿ. ಪುನರುತ್ಥಾನವಾದ ಮೇಲೆ, ಮರಣವನ್ನು ಜಯಿಸಿದವನಾಗಿ, ಆತನು ತಿಬೇರಿಯ ಸಮುದ್ರದ ದಡದಲ್ಲಿ ಮಾಡಿದ್ದೇನು? ರಾತ್ರಿಯೆಲ್ಲಾ ಬಲೆ ಬೀಸಿ ದಣಿದು ಬಂದ ಶಿಷ್ಯರಿಗಾಗಿ ಕೆಂಡದ ಮೇಲೆ ಮೀನು ಸುಟ್ಟು, ರೊಟ್ಟಿಯನ್ನು ಸಿದ್ಧಮಾಡಿ, ಬಂದು ಊಟಮಾಡಿರೆಂದು ಕರೆದನು. ಯೋಹಾನನ ಸುವಾರ್ತೆಯ ಇಪ್ಪತ್ತೊಂದನೆಯ ಅಧ್ಯಾಯವನ್ನು ಈ ದೃಷ್ಟಿಯಿಂದ ಒಮ್ಮೆ ಓದಿರಿ. ಒಲೆಯ ಮುಂದೆ ಕೂತ ಹೆಂಗಸಿಗೆ ಅದಕ್ಕಿಂತ ಆದರಣೆಯ ಅಧ್ಯಾಯವು ಮತ್ತೊಂದಿದೆಯೋ ನಾನರಿಯೆ.

ಈಗ ಒಬ್ಬ ಅಡಿಗೆಯವನ ವಿಷಯವನ್ನು ಹೇಳುತ್ತೇನೆ. ನಮ್ಮ ಹಳೆಯ ವಿದ್ಯಾರ್ಥಿನಿಯ ಪ್ರಶ್ನೆಗೆ ಇವನ ಜೀವಮಾನವೇ ನನಗೆ ತಿಳಿದ ಒಳ್ಳೆಯ ಉತ್ತರ.

ಈಗ ಫ್ರಾನ್ಸ್ ದೇಶಕ್ಕೆ ಸೇರಿರುವ ಲೊರೇನ್ ಸೀಮೆಯಲ್ಲಿ ಸುಮಾರು ೧೬೧೪ರಲ್ಲಿ ನಿಕೊಲಾಸ್ ಹೆರ್ಮನ್ ಎಂಬವನು ಬಡವರ ಮನೆಯಲ್ಲಿ ಹುಟ್ಟಿದನು. ಹೆಚ್ಚು ಓದು ಇರಲಿಲ್ಲ. ಹದಿನೆಂಟು ವರುಷದವನಾಗಿದ್ದಾಗ ಒಂದು ಚಳಿಗಾಲದಲ್ಲಿ ಎಲೆಯೆಲ್ಲಾ ಉದುರಿ ಬೋಳಾಗಿ ನಿಂತ ಒಂದು ಮರವನ್ನು ನೋಡಿದನು. ಇನ್ನು ಕೆಲವು ದಿನಗಳಲ್ಲಿ ಇದೇ ಮರವು ಚಿಗುರಿ ಹೂವೂ ಹಣ್ಣೂ ಬಿಡುವದಲ್ಲಾ ಎಂಬ ಆಲೋಚನೆಯಿಂದ ದೇವರ ಪರಾಮರಿಕೆಯೂ ಶಕ್ತಿಯೂ ಅವನ ಮನಸ್ಸಿನಲ್ಲಿ ಎಷ್ಟು ಆಳವಾಗಿ ನೆಟ್ಟಿತಂದರೆ, ಆ ಭಾವವು ಮುಂದೆ ಎಂದಿಗೂ ಅವನನ್ನು ಬಿಡಲಿಲ್ಲ. ಆದರೂ ಅವನು ಆ ಕ್ಷಣದಲ್ಲೇ ಸಾಧುವಾದನೆಂದು ತಿಳಿಯಬೇಡಿರಿ. ಅದು ಯೂರೋಪಿನಲ್ಲಿ ಮೂವತ್ತು ವರುಷಗಳ ಯುದ್ಧದ ಕಾಲ. ಅವನು ಸಿಪಾಯಿಯಾದನು, ಗಾಯಪಟ್ಟನು, ಕಾಲು ಕುಂಟಾಯಿತು. ತರುವಾಯ ಪ್ಯಾರಿಸ್ ಪಟ್ಟಣದಲ್ಲಿ ಒಬ್ಬ ದೊಡ್ಡ ಅಧಿಕಾರಿಯ ಮನೆಯಲ್ಲಿ ಆಳಾಗಿ ಸೇರಿದನು. ಅಲ್ಲಿ ಕೈಗೆ ಸಿಕ್ಕಿದ್ದನ್ನೆಲ್ಲಾ ಬೀಳಿಸಿ ಒಡೆಯುವ ಒರಟನೆಂದು ತಾನೇ ಮುಂದೆ ಹೇಳಿಕೊಂಡನು.

೧೬೪೦ರಲ್ಲಿ ಅವನು ಅದೇ ಪಟ್ಟಣದ ಕಾರ್ಮೆಲ್ ಸನ್ಯಾಸಿಗಳ ಮಠಕ್ಕೆ ಸೇರಿ ಪುನರುತ್ಥಾನದ ಲಾರೆನ್ಸ್ ಎಂಬ ಹೆಸರನ್ನು ತೆಗೆದುಕೊಂಡನು. ಪಾದ್ರಿಯಾಗತಕ್ಕ ವಿದ್ಯೆಯಿಲ್ಲದ್ದರಿಂದ ಅವನು ಕೈಕೆಲಸದ ಸಹೋದರನಾಗಿಯೇ ಉಳಿದನು. ತನ್ನ ಒರಟುತನಕ್ಕಾಗಿ ಇಲ್ಲಿ ತನ್ನ ಚರ್ಮವನ್ನೇ ಸುಲಿದಾರು, ಹಾಗೆ ತನ್ನ ಬಾಳನ್ನು ದೇವರಿಗೆ ಬಲಿಕೊಡಬಹುದು ಎಂದು ನೆನಸಿಕೊಂಡು ಅವನು ಮಠಕ್ಕೆ ಹೋದನಂತೆ. ಆದರೆ ಸಂತೋಷವನ್ನೇ ಕಂಡು, ದೇವರು ತನ್ನನ್ನು ಮೋಸಮಾಡಿದನೆಂದು ನಗುತ್ತಾ ಹೇಳುತ್ತಿದ್ದನು. ಅವನಿಗೆ ಕೊಟ್ಟ ಕೆಲಸವು ಅಡಿಗೆಮನೆಯದು. ಅವನಿಗೆ ಸ್ವಭಾವತಃ ಎಲ್ಲಕ್ಕಿಂತ ಹೇಸಿಕೆಯಾದದ್ದೂ ಅಡಿಗೆಮನೆಯೇ. ಆ ಕೆಲಸದಲ್ಲಿ ಸುಮಾರು ಹದಿನೈದು ವರುಷ ಇದ್ದನು. ಮುಂದೆ ಕಾಲುನೋವು ಹೆಚ್ಚಿ ನಿಲ್ಲಲಾರದೆ ಹೋದಾಗ ಸನ್ಯಾಸಿಗಳ ಚಪ್ಪಲಿಗಳನ್ನು ಹೊಲಿಯುವ ಕೆಲಸಕ್ಕೆ ಹಾಕಿದರು. (ಅವರಿಗೆ ಬರಿಗಾಲಿನವರೆಂದು ಹೆಸರು, ಆದರೂ ಚಪ್ಪಲಿ ಹಾಕುತ್ತಿದ್ದರು.) ೧೬೯೧ನೆಯ ಫೆಬ್ರವರಿ ೧೨ರಂದು ತೀರಿಕೊಂಡನು. ಅವನ ಜೀವಚರಿತ್ರೆಯಲ್ಲಿ ಹೊರಗಿನ ಸಂಗತಿಗಳು ಇಷ್ಟೇ. ಒಂದು ಸಾರಿ ಮಠಕ್ಕೆ ದ್ರಾಕ್ಷಾರಸವನ್ನು ಕೊಂಡುತರುವದಕ್ಕಾಗಿ ಬರ್ಗಂಡಿ ಸೀಮೆಗೆ ದೋಣಿಯಲ್ಲಿ ಹೋಗಬೇಕಾಯಿತು. ವ್ಯಾಪಾರವೂ ಬಾರದು, ಕಾಲೂ ಕುಂಟು, ಪೀಪಾಯಿಗಳ ಮೇಲೆ ಉರುಳಿಕೊಂಡೇ ದೋಣಿಯಲ್ಲಿ ಅತ್ತಿತ್ತ ಹೋಗಬೇಕಾಗಿತ್ತು. ಇದು ನಿನ್ನ ಕೆಲಸ ಎಂದು ದೇವರಿಗೆ ಹೇಳಿ ಹೊರಟನಂತೆ. ಕೆಲಸವು ಹೇಗೋ ಚೆನ್ನಾಗಿಯೇ ನಡೆಯಿತಂತೆ.

ಇಂಥವನನ್ನು ಈಗ ನಾವು ನೆನಸುವದು ಯಾಕೆ? ೧೬೬೬ರ ಆಗಸ್ಟ್ ತಿಂಗಳಿಂದ ಜೋಸೆಫ್ ಬೊಫೋರ್ ಎಂಬ ಪಾದ್ರಿಯೊಬ್ಬನು ಅವನ ಬಳಿಗೆ ಬಂದು ಮಾತಾಡಿ, ಕೇಳಿದ್ದನ್ನು ಬರೆದಿಟ್ಟುಕೊಂಡನು. ಅವನು ಸತ್ತ ಮೇಲೆ ಆ ಸಂಭಾಷಣೆಗಳೂ ಕೆಲವು ಕಾಗದಗಳೂ ಅಚ್ಚಾದವು. ಅದು ಒಂದು ಚಿಕ್ಕ ಪುಸ್ತಕ. ರೋಮನ್ ಕಥೋಲಿಕ ಸನ್ಯಾಸಿಯದಾದರೂ ಪ್ರೊಟೆಸ್ಟಂಟ್ ಸಭೆಗಳವರು ಅದನ್ನು ಬಹಳವಾಗಿ ಓದಿದರು, ಈಗಲೂ ಓದುತ್ತಾರೆ. ಅದರಲ್ಲಿ ಒಂದೇ ವಿಷಯವು ತಿರಿಗಿ ತಿರಿಗಿ ಬರುತ್ತದೆ. ಪ್ರಾರ್ಥನೆಯ ಹೊತ್ತು, ಕೆಲಸದ ಹೊತ್ತು ಎಂಬ ಭೇದವನ್ನು ಅವನು ಅಳಿಸಿಬಿಟ್ಟಿದ್ದನು. ಪಾತ್ರೆಗಳ ಸದ್ದಿನಲ್ಲಿ, ನಾಲ್ಕಾರು ಮಂದಿ ಒಟ್ಟಿಗೆ ಬೇರೆ ಬೇರೆ ಪದಾರ್ಥವನ್ನು ಕೇಳುವಾಗ, ದೇವಾಲಯದಲ್ಲಿ ಮೊಣಕಾಲೂರಿದಾಗ ಇದ್ದಷ್ಟೇ ಶಾಂತವಾಗಿ ಅವನು ದೇವರ ಸನ್ನಿಧಾನದಲ್ಲಿದ್ದನು. ಬಾಣಲೆಯಲ್ಲಿ ಮೊಟ್ಟೆಯ ದೋಸೆಯನ್ನು ಮಗುಚುವದೂ, ನೆಲದ ಮೇಲಿನ ಒಂದು ಹುಲ್ಲುಕಡ್ಡಿಯನ್ನು ಎತ್ತುವದೂ ದೇವರ ಪ್ರೀತಿಗಾಗಿ ಮಾಡಿದ್ದಾದರೆ ಸಾಕು ಎಂಬದು ಅವನ ನಡೆ. ಕಾಯಕದ ಮಹಿಮೆಯನ್ನು ಹನ್ನೆರಡನೆಯ ಶತಮಾನದ ಶರಣರಿಂದ ಕೇಳಿ ಬಲ್ಲ ಕನ್ನಡನಾಡಿನವರಿಗೆ ಈ ಮಾತು ತೀರ ಅಪರಿಚಿತವಾಗಿ ತೋರಲಾರದು.

ಆದರೆ ಈ ಸ್ಥಿತಿಗೆ ಅವನು ಎಷ್ಟು ದಿನದಲ್ಲಿ ಬಂದನೆಂಬದನ್ನು ಹೇಳದೆ ಬಿಟ್ಟರೆ ನಿಮಗೆ ಮೋಸಮಾಡಿದಂತಾಗುವದು. ಮಠಕ್ಕೆ ಸೇರಿದ ಮೇಲೆ ಸುಮಾರು ಹತ್ತು ವರುಷ ಅವನು ಬಹು ಕಷ್ಟಪಟ್ಟನು. ಹಳೆಯ ಪಾಪಗಳು ಕಣ್ಣಮುಂದೆ ನಿಂತವು. ಮನಸ್ಸು ಎಲ್ಲೆಲ್ಲಿಯೋ ಓಡುತ್ತಿತ್ತು. ಎಳೆದು ತರುವದು, ತಿರಿಗಿ ಓಡುವದು. ಎಷ್ಟೋ ಸಾರಿ ಬಿದ್ದನು, ಎದ್ದನು. ಸೃಷ್ಟಿಯೂ ವಿವೇಕವೂ ದೇವರೂ ತನಗೆ ವಿರೋಧವಾಗಿರುವಂತೆ ಅವನಿಗೆ ತೋರುತ್ತಿತ್ತು. ಇನ್ನು ಬದುಕಿರುವ ತನಕ ಹೀಗೆಯೇ ಇರಬೇಕಾದರೆ ಇರುತ್ತೇನೆ, ದೇವರ ಪ್ರೀತಿಗಾಗಿ ಇದನ್ನೂ ತಾಳುತ್ತೇನೆ ಎಂದು ಮನಸ್ಸನ್ನು ಗಟ್ಟಿಮಾಡಿಕೊಂಡಾಗ ಮಾತ್ರ ಒಮ್ಮೆಲೇ ಶಾಂತಿಯು ದೊರಕಿತು. ಹತ್ತು ವರುಷ! ನಾವು ಒಂದು ಉಪವಾಸಕೂಟಕ್ಕೆ ಹೋಗಿ ಬಂದು, ಆ ವಾರದಲ್ಲೇ ಕೋಪವು ಹೋಗಲಿಲ್ಲವಲ್ಲಾ ಎಂದು ಗುಣುಗುಟ್ಟುತ್ತೇವೆ.

ತಪ್ಪಿದಾಗ ಅವನು ಏನು ಮಾಡುತ್ತಿದ್ದನೆಂಬದನ್ನು ವಿಶೇಷವಾಗಿ ಗಮನಿಸಿರಿ. ತಪ್ಪಿಗೆ ನೆವ ಹೇಳುತ್ತಿರಲಿಲ್ಲ. ನೀನು ನನ್ನನ್ನು ನನ್ನಷ್ಟಕ್ಕೆ ಬಿಟ್ಟರೆ ನಾನು ಮಾಡುವದು ಹೀಗೆಯೇ. ಬೀಳದಂತೆ ತಡೆಯತಕ್ಕವನೂ ಕೆಟ್ಟದ್ದನ್ನು ಸರಿಪಡಿಸತಕ್ಕವನೂ ನೀನೇ ಎಂಬ ಅರ್ಥದಲ್ಲಿ ದೇವರಿಗೆ ಅರಿಕೆಮಾಡಿ, ಆ ಮೇಲೆ ಅದನ್ನು ಕುರಿತು ಚಿಂತಿಸುತ್ತಾ ಕೂರದೆ ಕೈಗೆ ಸೌಟನ್ನು ತೆಗೆದುಕೊಳ್ಳುತ್ತಿದ್ದನು. ನಮ್ಮಲ್ಲಿ ಅನೇಕರು ಇದಕ್ಕೆ ವಿರುದ್ಧವಾಗಿ ಮಾಡುತ್ತೇವೆ. ತಪ್ಪು ಮಾಡಿದ ಮೇಲೆ ಎರಡು ದಿನ ಮುಖ ಬಾಡಿಸಿಕೊಂಡಿದ್ದರೆ ಅದೇ ಪಶ್ಚಾತ್ತಾಪವೆಂದು ತಿಳಿಯುತ್ತೇವೆ. ನಿಜವಾಗಿ ನೋಡಿದರೆ ಅದರಲ್ಲಿ ಹೆಮ್ಮೆಯೇ ಹೆಚ್ಚು: ನಾನು ಇಂಥವಳಲ್ಲವಲ್ಲಾ, ನನ್ನಿಂದ ಇದಾಯಿತೇ ಎಂಬ ಹೆಮ್ಮೆ.

ಇಲ್ಲಿ ಯಾರಾದರೂ ಆಕ್ಷೇಪಿಸಬಹುದು. ಲಾರೆನ್ಸನಿಗೆ ಹೆಂಡತಿಯಿಲ್ಲ, ಮಕ್ಕಳಿಲ್ಲ, ಅತ್ತೆ ನಾದಿನಿಯರಿಲ್ಲ. ಹೊತ್ತು ಹೊತ್ತಿಗೆ ಪ್ರಾರ್ಥನೆಯ ಗಂಟೆ ಬಾರಿಸುವ ಮಠದಲ್ಲಿದ್ದವನು ಸಾಮಾನ್ಯನು ಹೇಗಾದನು? ಆಕ್ಷೇಪವು ನ್ಯಾಯವಾದದ್ದೇ. ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಅಡಿಗೆಯನ್ನು ಮುಗಿಸಿ ಆಸ್ಪತ್ರೆಯ ರಾತ್ರಿ ಪಾಳಿಗೆ ಓಡುವ ನರ್ಸುಗಳಿದ್ದಾರೆ, ಬ್ಯಾಂಕಿನ ಲೆಕ್ಕದ ಮುಂದೆ ಕೂರುವವರಿದ್ದಾರೆ, ಐವತ್ತು ಮಕ್ಕಳ ತರಗತಿಯಿಂದ ಗಂಟಲು ಕಟ್ಟಿಸಿಕೊಂಡು ಬರುವ ಉಪಾಧ್ಯಾಯಿನಿಯರಿದ್ದಾರೆ. ಇವರಿಗೆ ಯಾವ ಗಂಟೆಯೂ ಇಲ್ಲ. ಆದ್ದರಿಂದ ನಾನು ಹೇಳುವದು: ಅವನ ಮಠವನ್ನು ಅನುಸರಿಸಬೇಡಿರಿ, ಅವನ ಅಭ್ಯಾಸವನ್ನು ಅನುಸರಿಸಿರಿ. ಬಾಗಲಿನ ಚಿಲಕಕ್ಕೆ ಕೈಹಾಕುವಾಗ, ಒಲೆ ಹೊತ್ತಿಸುವಾಗ, ಕೆಲಸದ ಸ್ಥಳದಲ್ಲಿ ಒಬ್ಬರಿಗೆ ಕಠಿಣವಾಗಿ ಉತ್ತರ ಕೊಡುವದಕ್ಕೆ ಬಾಯಿ ತೆರೆಯುವ ಮುಂಚೆ, ಒಂದು ಉಸಿರಿನಷ್ಟು ಹೊತ್ತು ಕರ್ತನನ್ನು ನೆನಸುವದಕ್ಕೆ ಮಠವೇನೂ ಬೇಡ. ನನ್ನ ಪರಿಚಯದ ಒಬ್ಬ ತಾಯಿಯು ದಿನಾಲು ಮಕ್ಕಳ ಊಟದ ಡಬ್ಬಿಯ ಮುಚ್ಚಳವನ್ನು ಹಾಕುವಾಗ ಆಯಾ ಮಗುವಿನ ಹೆಸರನ್ನು ದೇವರ ಮುಂದೆ ಹೇಳುತ್ತಾಳೆ. ಮೂರು ಡಬ್ಬಿ, ಮೂರು ಹೆಸರು. ಇಷ್ಟು ಸಣ್ಣದರಿಂದ ಆರಂಭಿಸಬಹುದು.

ನಮ್ಮ ಪ್ರಯತ್ನವೋ ದೇವರ ಕೃಪೆಯೋ ಎಂಬ ಪ್ರಶ್ನೆಯನ್ನು ತರಗತಿಯಲ್ಲಿ ಪ್ರತಿವರುಷವೂ ಒಬ್ಬ ಹುಡುಗಿಯಾದರೂ ಕೇಳುತ್ತಿದ್ದಳು. ಪೌಲನು ಫಿಲಿಪ್ಪಿಯ ಪತ್ರಿಕೆಯಲ್ಲಿ ಎರಡನ್ನೂ ಒಂದೇ ಉಸಿರಿನಲ್ಲಿ ಹೇಳುತ್ತಾನೆ: ಭಯದಿಂದ ನಡುಗುತ್ತಾ ನಿಮ್ಮ ರಕ್ಷಣೆಯ ಕೆಲಸವನ್ನು ನಡಿಸಿರೆಂದು ಹೇಳಿ, ಅದಕ್ಕೆ ಕಾರಣವಾಗಿ, ನಿಮ್ಮೊಳಗೆ ಕೆಲಸ ನಡಿಸುವವನು ದೇವರೇ ಎನ್ನುತ್ತಾನೆ. ನಮ್ಮ ಹಿತ್ತಲಿನ ಹೀರೆಬಳ್ಳಿಯನ್ನು ನೋಡಿರಿ. ಚಪ್ಪರವನ್ನು ನಾವು ಹಾಕಬೇಕು, ಬುಡಕ್ಕೆ ನೀರನ್ನು ನಾವು ಹೊಯ್ಯಬೇಕು, ಎಳೆಯ ಕುಡಿಯು ನೆಲದ ಮೇಲೆ ಹರಿದರೆ ಎತ್ತಿ ಕಡ್ಡಿಗೆ ಹಬ್ಬಿಸಬೇಕು. ಆದರೆ ಹಗ್ಗ ಹಾಕಿ ಎಳೆದು ಯಾರೂ ಬಳ್ಳಿಯನ್ನು ಬೆಳೆಸಲಿಲ್ಲ. ಚಪ್ಪರವಿಲ್ಲದ ಬಳ್ಳಿಯು ಕೊಳೆಯುವದು. ಬಳ್ಳಿಯಿಲ್ಲದ ಚಪ್ಪರವು ಒಣ ಕಡ್ಡಿಗಳ ರಾಶಿ.

ಮುಂದೆ ಹೋಗುವ ಮೊದಲು ಒಂದು ಎಚ್ಚರಿಕೆಯ ಮಾತನ್ನು ಹೇಳದೆ ಇರಲಾರೆನು. ವಿಶೇಷವಾಗಿ ಹೆಣ್ಣುಮಕ್ಕಳನ್ನು ಕೊಟ್ಟ ತಾಯಿತಂದೆಗಳು ಇದನ್ನು ಲಾಲಿಸಬೇಕು. ಕ್ರಿಸ್ತನ ದೀನತೆಯೆಂಬ ಹೆಸರಿನಿಂದ ಹೆಂಗಸರಿಗೆ ಎಷ್ಟೋ ಅನ್ಯಾಯವಾಗಿದೆ. ಗಂಡನು ಕುಡಿದು ಹೊಡೆದರೂ ಸುಮ್ಮನಿರು, ಅದೇ ನಿನ್ನ ಶಿಲುಬೆ ಎಂದು ಬುದ್ಧಿ ಹೇಳಿದವರನ್ನು ನಾನು ಕಂಡಿದ್ದೇನೆ. ಇದು ನಮ್ಮ ಕರ್ತನು ಕಲಿಸಿದ ಪಾಠವಲ್ಲ. ಮಹಾಯಾಜಕನ ಮುಂದೆ ಒಬ್ಬ ಓಲೇಕಾರನು ಆತನ ಕೆನ್ನೆಗೆ ಹೊಡೆದಾಗ ಆತನು ತಿರಿಗಿ ಹೊಡೆಯಲಿಲ್ಲ, ನಿಜ. ಆದರೆ ಸುಮ್ಮನಿರಲೂ ಇಲ್ಲ. ನಾನು ಆಡಿದ್ದರಲ್ಲಿ ತಪ್ಪಿದ್ದರೆ ತೋರಿಸು, ಇಲ್ಲದಿದ್ದರೆ ಯಾಕೆ ಹೊಡೆಯುತ್ತೀ ಎಂದು ನೇರವಾಗಿ ಕೇಳಿದನು. ಯೋಹಾನನ ಹದಿನೆಂಟನೆಯ ಅಧ್ಯಾಯದಲ್ಲಿ ಅದು ಬರೆದದೆ. ಪೌಲನೂ ಹಾಗೆಯೇ. ಅದೇ ಫಿಲಿಪ್ಪಿ ಪಟ್ಟಣದಲ್ಲಿ ವಿಚಾರಣೆಯಿಲ್ಲದೆ ಅವನನ್ನು ಹೊಡಿಸಿ ಸೆರೆಯಲ್ಲಿ ಹಾಕಿ, ಮರುದಿನ ಗುಟ್ಟಾಗಿ ಕಳುಹಿಸಿಬಿಡಬೇಕೆಂದಿದ್ದಾಗ, ಅಧಿಕಾರಿಗಳೇ ಬಂದು ನಮ್ಮನ್ನು ಹೊರಗೆ ಕರಕೊಂಡು ಹೋಗಲಿ ಎಂದು ಹಟ ಹಿಡಿದನು. ದೀನತೆಯೆಂಬದು ಸೊಂಟಕ್ಕೆ ವಸ್ತ್ರವನ್ನು ಕಟ್ಟಿಕೊಂಡು ತಾನಾಗಿ ಬಾಗಿದ ಒಡೆಯನ ಗುಣವು. ಬೇರೊಬ್ಬನು ಕುತ್ತಿಗೆ ಹಿಡಿದು ಬಗ್ಗಿಸಿದರೆ ಅದಕ್ಕೆ ಬೇರೆ ಹೆಸರುಂಟು. ಹೊಡೆತ ತಿನ್ನುವ ಮಗಳಿಗೆ ತೌರುಮನೆಯ ಬಾಗಿಲು ತೆರೆದಿರಲಿ. ಬೇಕಾದರೆ ಕಾನೂನಿನ ಬಾಗಿಲನ್ನೂ ತಟ್ಟಲಿ.

ಒಡೆಯನು ಬಾಗಿದ ಆ ರಾತ್ರಿಯ ವಿಷಯಕ್ಕೆ ಬರೋಣ. ಕಾಲು ತೊಳೆಯುವದು ಆ ಕಾಲದಲ್ಲಿ ಆಳುಗಳ ಕೆಲಸ. ಅದೇ ಭೋಜನದ ಹೊತ್ತಿನಲ್ಲಿ ತಮ್ಮಲ್ಲಿ ಯಾರು ದೊಡ್ಡವರೆಂದು ಶಿಷ್ಯರಲ್ಲಿ ವಾಗ್ವಾದವಾಯಿತೆಂದು ಲೂಕನು ಬರೆದಿದ್ದಾನೆ. ದೊಡ್ಡವರ ಗೊಡವೆಯಲ್ಲಿದ್ದವರಿಗೆ ನೀರಿನ ಬೋಗುಣಿಯು ಕಣ್ಣಿಗೆ ಬೀಳುವದಿಲ್ಲ. ಕರ್ತನು ಎದ್ದು ತೊಳೆದನು. ಪೇತ್ರನ ಕಾಲು, ಯೋಹಾನನ ಕಾಲು. ಆಮೇಲೆ ಯೂದನ ಕಾಲನ್ನೂ ತೊಳೆದನು. ಯೂದನು ಆ ಮೇಲೆಯೇ ರಾತ್ರಿಯಲ್ಲಿ ಎದ್ದುಹೋದನಲ್ಲವೇ? ತನ್ನನ್ನು ಹಿಡುಕೊಡುವದಕ್ಕೆ ನಡೆಯಲಿರುವ ಕಾಲುಗಳೆಂದು ಆತನಿಗೆ ತಿಳಿದಿತ್ತು. ಪಾಠ ಹೇಳುವಾಗ ಈ ಸ್ಥಳಕ್ಕೆ ಬಂದರೆ ನಾನು ಯಾವಾಗಲೂ ಸ್ವಲ್ಪ ಹೊತ್ತು ನಿಲ್ಲುತ್ತಿದ್ದೆನು. ವಿವರಿಸುವದಕ್ಕೆ ನನಗೆ ಮಾತು ಸಿಕ್ಕುತ್ತಿರಲಿಲ್ಲ.

ಈಗ ಮೊದಲಿನ ಕಾಗದಕ್ಕೆ ಬರುತ್ತೇನೆ. ಇಷ್ಟನ್ನೆಲ್ಲಾ ಬರೆದು ಕಡೆಗೆ ನಾನು ಆಕೆಗೆ ಹೇಳಿದ್ದೇನಂದರೆ: ಮಗಳೇ, ದೇವರ ಮುಂದೆ ಅತ್ತದ್ದು ಸಾಕು. ಬಲಿಪೀಠದ ಮುಂದೆ ಕಾಣಿಕೆಯನ್ನು ಬಿಟ್ಟು ಮೊದಲು ಯಾರ ಬಳಿಗೆ ಹೋಗಬೇಕೆಂದು ಕರ್ತನು ಪರ್ವತ ಪ್ರಸಂಗದಲ್ಲಿ ಹೇಳಿದ್ದನ್ನು ನೀನೇ ಬಾಯಿಪಾಠವಾಗಿ ಒಪ್ಪಿಸಿದ್ದೀಯಲ್ಲಾ. ಆ ಹೆಂಗಸಿನ ಮನೆಯನ್ನು ಹುಡುಕಿಕೊಂಡು ಹೋಗು. ಅವಳ ಸಂಬಳವನ್ನು ತೆಗೆದುಕೊಂಡು ಹೋಗು. ಕೆಲಸಕ್ಕೆ ತಿರಿಗಿ ಬಾ ಎಂದು ಕೇಳುವದಕ್ಕೆ ಹೋಗಬೇಡ. ಹಾಗೆ ಹೋದರೆ ಅದು ನಿನ್ನ ಅನುಕೂಲಕ್ಕಾಗಿ ಹೋದಂತಾಗುವದು.

ಎರಡು ತಿಂಗಳಾದ ಮೇಲೆ ಮತ್ತೊಂದು ಕಾಗದವು ಬಂತು. ಆಕೆ ಹೋಗಿದ್ದಳು. ಮನೆಯ ಕೆಲಸಕ್ಕೆ ಎರಡು ವರುಷ ಬರುತ್ತಿದ್ದವಳ ಮನೆಯು ಯಾವ ಓಣಿಯಲ್ಲಿದೆಯೆಂದು ತನಗೆ ಗೊತ್ತಿರಲಿಲ್ಲವೆಂಬದೇ ಆಕೆಗೆ ಮೊದಲನೆಯ ನಾಚಿಕೆಯಾಯಿತಂತೆ. ಮೂರು ಕಡೆ ವಿಚಾರಿಸಿ ಹೋದಾಗ ಆ ಹೆಂಗಸು ಬೀದಿಯ ನಲ್ಲಿಯಲ್ಲಿ ನೀರು ಹಿಡಿಯುತ್ತಿದ್ದಳು. ಅಂದು ತಡವಾದದ್ದು ಯಾಕಂದರೆ, ಹಿಂದಿನ ರಾತ್ರಿ ಮಗಳಿಗೆ ಜ್ವರ ಏರಿ, ಬೆಳಗಾಗುವ ಮೊದಲೇ ಸರಕಾರಿ ಆಸ್ಪತ್ರೆಯ ಸಾಲಿನಲ್ಲಿ ನಿಂತಿದ್ದಳಂತೆ. ಕೇಳಿದ್ದರೆ ಹೇಳುತ್ತಿದ್ದೆನು, ನೀವು ಕೇಳಲಿಲ್ಲ ಎಂದಳಂತೆ. ಆಗಲೇ ಬೇರೆ ಮನೆಯಲ್ಲಿ ಕೆಲಸ ಹಿಡಿದಿದ್ದಳು. ಕ್ಷಮಿಸಿದೆನೆಂದು ಬಾಯಿಬಿಟ್ಟು ಹೇಳಲಿಲ್ಲ. ಆದರೆ ಒಂದು ಮಣೆಯನ್ನು ತಂದು ಹಾಕಿ, ಕೂತುಕೊಳ್ಳಿರಿ ಅಕ್ಕಾ ಎಂದು ಹೇಳಿ, ಸ್ಟೀಲಿನ ಲೋಟದಲ್ಲಿ ಚಹಾ ಕೊಟ್ಟಳು. “ಟೀಚರಮ್ಮಾ, ಅವಳು ಲೋಟ ತೊಳೆದು ಕೊಡುವದನ್ನು ನೋಡುತ್ತಾ ಕೂತಿದ್ದೆ. ಅದು ನನ್ನ ಮನೆಯಲ್ಲಿ ತಿಕ್ಕಿದ ಕೈ” ಎಂದು ಆಕೆ ಬರೆದಿದ್ದಾಳೆ.

ಆ ಕಾಗದವು ನನ್ನನ್ನು ಸುಮ್ಮನಿರಗೊಡಿಸಲಿಲ್ಲ. ಮೊದಲನೆಯ ಕಾಗದಕ್ಕೆ ಉತ್ತರ ಬರೆಯಲು ಮೂರು ವಾರ ತಡೆದದ್ದಕ್ಕೂ ಇದೇ ಕಾರಣ.

ನಾನು ಬೋರ್ಡಿಂಗಿನ ಮೇಲ್ವಿಚಾರಣೆಯಲ್ಲಿದ್ದ ಒಂದು ವರುಷ, ನನಗೆ ಬಹುಮಾನವಾಗಿ ಬಂದಿದ್ದ ಒಂದು ಲೇಖನಿಯು ಕಾಣದೆ ಹೋಯಿತು. ಆ ದಿನ ನನ್ನ ಕೋಣೆಯನ್ನು ಗುಡಿಸುವ ಸರದಿಯು ಒಂಭತ್ತನೆಯ ತರಗತಿಯ ಒಬ್ಬ ಹುಡುಗಿಯದು. ಅವಳು ತಂದೆಯಿಲ್ಲದವಳು, ಶುಲ್ಕ ಮನ್ನಾ ಪಡೆದು ಓದುತ್ತಿದ್ದವಳು. ನಾನು ಅವಳನ್ನು ಸಂಜೆಯ ಪ್ರಾರ್ಥನೆಗೆ ಎಲ್ಲರೂ ಕೂಡಿದ್ದಾಗ ಎಬ್ಬಿಸಿ ನಿಲ್ಲಿಸಿ ಕೇಳಿದೆನು. ತಾನು ತೆಗೆಯಲಿಲ್ಲವೆಂದು ಅವಳು ಒಂದೇ ಸಾರಿ ಹೇಳಿದಳು. ಅವಳ ಪೆಟ್ಟಿಗೆಯನ್ನು ನಾನೇ ಬಿಚ್ಚಿ ಸುರಿದೆನು. ಎರಡು ಲಂಗ, ಒಂದು ಕಂಬಳಿ, ತಾಯಿಯ ಕಾಗದಗಳು. ಲೇಖನಿಯು ಸಿಕ್ಕಲಿಲ್ಲ. ಆ ವರುಷದ ಪರೀಕ್ಷೆಯಾದ ಮೇಲೆ ಅವಳು ಊರಿಗೆ ಹೋದವಳು ತಿರಿಗಿ ಬರಲಿಲ್ಲ. ಬೇಸಗೆಯ ರಜೆಯಲ್ಲಿ ಕಪಾಟನ್ನು ಒತ್ತರಿಸುವಾಗ ಲೇಖನಿಯು ನನ್ನ ಹಳೆಯ ಕೀರ್ತನೆಗಳ ಪುಸ್ತಕದ ಬೆನ್ನಿನ ಸಂದಿನಲ್ಲಿತ್ತು. ನಾನು ಅದನ್ನು ಯಾರಿಗೂ ಹೇಳಲಿಲ್ಲ. ಅವಳ ಊರಿಗೆ ಒಂದು ಕಾಗದವನ್ನು ಬರೆಯಬೇಕೆಂದು ಅನೇಕ ಸಾರಿ ಕೂತೆನು, ಬರೆಯಲಿಲ್ಲ. ಕಡೆಗೆ ವಿಳಾಸವೂ ತಪ್ಪಿಹೋಯಿತು. ಅವಳು ಎದ್ದು ನಿಂತದ್ದನ್ನು ನೋಡಿದವರಲ್ಲಿ ಅನೇಕರು ಈಗ ತಾಯಂದಿರಾಗಿ ಈ ಪುಟವನ್ನು ಓದುತ್ತಿರಬಹುದು. ಅವರು ಅವಳನ್ನು ಕಳ್ಳಿಯೆಂದು ನೆನಸಿಕೊಂಡೇ ಶಾಲೆಯನ್ನು ಬಿಟ್ಟಿರಬಹುದು.

ಪ್ರಿಯ ಮಗಳೇ, ನೀನು ಎಲ್ಲಿರುವೆಯೋ ನನಗೆ ತಿಳಿಯದು. ಅವತ್ತು ಎಲ್ಲರ ಮುಂದೆ ಕೇಳಿದೆನಾದ್ದರಿಂದ ಇವತ್ತು ಎಲ್ಲರ ಮುಂದೆಯೇ ಹೇಳುತ್ತೇನೆ. ಲೇಖನಿಯು ನನ್ನ ಪುಸ್ತಕದಲ್ಲಿಯೇ ಇತ್ತು. ನೀನು ಹೇಳಿದ್ದು ನಿಜ. ನಿನ್ನ ವಿಳಾಸವನ್ನು ಬಲ್ಲವರು ಯಾರಾದರೂ ಇದ್ದರೆ ಶಾಲೆಗೆ ತಿಳಿಸಬೇಕೆಂದು ಬೇಡಿಕೊಳ್ಳುತ್ತೇನೆ, ನಾನೇ ಬರುತ್ತೇನೆ.